ಮೊದಲ ಸಲ ಅರ್ಧ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮತ್ತೆ ಹೊರಡುವ ಕಾಲ ಬಂದಿದೆ. ನಿರ್ಬಂಧಗಳು ಒಂದೊಂದಾಗಿ ಸಡಿಲವಾಗಿವೆ. ಬಸ್ಸು, ರೈಲು, ವಿಮಾನ ಓಡಾಡುತ್ತಿವೆ. ಬೆಟ್ಟದ ದಾರಿಗಳು ತೆರೆದಿವೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಮಹಾಮಾರಿ ಎಂದು ಕರೆಯಿತಲ್ಲ, ಅಲ್ಲಿಂದ ಅದುಮಿಟ್ಟುಕೊಂಡಿದ್ದ ಆಸೆಯೆಲ್ಲ ಈಗ ಒಟ್ಟಿಗೇ ಮೇಲೆದ್ದಿದೆ. ಈ ಭಾಷಣ ಕೇಳುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಆಗಲೇ ಗೆಳೆಯರಿಗೆ ಫೋನು ಮಾಡಿ, ನಕ್ಷೆ ಬಿಡಿಸಿಕೊಂಡು ಕೂತಿದ್ದೀರಿ. "ಎರಡು ವರ್ಷ ಕಾದಿದ್ದೀವಿ, ಹೋಗೋದಾದ್ರೆ ದೊಡ್ಡದಕ್ಕೇ ಹೋಗೋಣ" ಎಂದು ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಹೇಳಿರುತ್ತಾರೆ.

ಆ ಒಬ್ಬರಿಗಾಗಿಯೇ ನಾನು ಇವತ್ತು ಬಂದಿದ್ದೇನೆ. ನನ್ನದು ಒಂದೇ ಮಾತು. ನೀವು ಹಾಕಿಕೊಂಡ ಯೋಜನೆಯನ್ನು ಅರ್ಧಕ್ಕೆ ಇಳಿಸಿ. ನಾಲ್ಕು ದಿನದ ಚಾರಣವಿದ್ದರೆ ಎರಡು ದಿನ. ಇಪ್ಪತ್ತು ಕಿಲೋಮೀಟರ್ ಇದ್ದರೆ ಹತ್ತು. ಹದಿನಾರು ಕಿಲೋ ಹೊರೆ ಇದ್ದರೆ ಎಂಟು. ಮೊದಲ ಸಲ ಅರ್ಧ ಸಾಕು. ಆ ಅರ್ಧವನ್ನು ಸುಖವಾಗಿ ಮುಗಿಸಿ ಬಂದವರು ಮುಂದಿನ ಸಲ ಪೂರ್ತಿಗೆ ಹೋಗಲಿ, ನಾನು ಅಡ್ಡ ಬರುವುದಿಲ್ಲ.

ಯಾಕೆ ಅರ್ಧ? ನಿಮ್ಮ ಮನಸ್ಸಿನಲ್ಲಿರುವ ನೀವು ಹಳೆಯ ನೀವು. ಎರಡು ವರ್ಷದ ಹಿಂದೆ ಆ ಏರು ಹತ್ತಿದ್ದು ನೆನಪಿದೆ, ಮೇಲೆ ನಿಂತು ಪಟ ತೆಗೆಸಿಕೊಂಡಿದ್ದು ನೆನಪಿದೆ. ನೆನಪಿಗೆ ಏದುಸಿರು ಬರುವುದಿಲ್ಲ, ದೇಹಕ್ಕೆ ಬರುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ ಐದು ಜನ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಅವರ ದಮ್ಮು, ಅಂದರೆ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ, ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐದು ಜನರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಅವರ ದಮ್ಮಿಗೆ ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಮಲಗುವಿಕೆ ಮಾಡಿದ ನಷ್ಟವೇ ದೊಡ್ಡದಾಗಿತ್ತು! ನಾವು ಹಾಸಿಗೆ ಹಿಡಿದಿರಲಿಲ್ಲ, ನಿಜ. ಆದರೆ ಕುರ್ಚಿ ಹಿಡಿದಿದ್ದೆವಲ್ಲ? ಅದೂ ವಾರಗಟ್ಟಲೆ ಅಲ್ಲ, ತಿಂಗಳುಗಟ್ಟಲೆ.

ಇದೇ ಪ್ರಯೋಗದ ಇನ್ನೊಂದು ಅರ್ಧ ಸಂತೋಷದ್ದು. ಐವತ್ತು ದಾಟಿದ್ದ ಆ ಐವರಿಗೆ ಆರು ತಿಂಗಳು ನಿಧಾನವಾಗಿ, ಹಂತಹಂತವಾಗಿ ಅಭ್ಯಾಸ ಮಾಡಿಸಿದರು. ವಯಸ್ಸಿನಿಂದ ಕಳೆದುಹೋಗಿದ್ದ ದಮ್ಮು ವಾಪಸು ಬಂತು. ಹಂತಹಂತವಾಗಿ ಎಂಬುದನ್ನು ಗಮನಿಸಿ. ಮೊದಲ ದಿನವೇ ಶಿಖರಕ್ಕೆ ಕಳಿಸಲಿಲ್ಲ.

ಈಗ ಲೆಕ್ಕ. ಕಾಗದ, ಪೆನ್ನು ಇದ್ದರೆ ಬರೆದುಕೊಳ್ಳಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟ. ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹತ್ತು ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ ಎರಡು ಕೂಡಿಸು ಒಂದು, ಮೂರು ಗಂಟೆ. ಇದು ಗಟ್ಟಿಮುಟ್ಟಾದ, ಕೂರದೆ ನಡೆಯುವ ಮನುಷ್ಯನ ಲೆಕ್ಕ. ನೀವು ಅದನ್ನು ಎರಡರಿಂದ ಗುಣಿಸಿ, ಆರು ಗಂಟೆ ಎಂದು ಬರೆದುಕೊಳ್ಳಿ. ಅಂದರೆ ಏನಾಯಿತು? ಅದೇ ಹಗಲಿನಲ್ಲಿ ನೀವು ಹೋಗಬಹುದಾದ ದೂರ ಅರ್ಧವಾಯಿತು. ಲೆಕ್ಕವೂ ಅದನ್ನೇ ಹೇಳುತ್ತಿದೆ.

ಇಲ್ಲಿ ನಿಮಗೆ ನಮ್ಮ ಮೇಷ್ಟ್ರ ಶೂಗಳ ಕತೆ ಹೇಳಲೇಬೇಕು. ಎಲ್ಲಿ ಮಾತಾಡಲು ಹೋದರೂ ಹೇಳುತ್ತೇನೆ. ಇಷ್ಟು ಚೆನ್ನಾಗಿ ಈ ವಿಷಯ ತಿಳಿಸುವ ಇನ್ನೊಂದು ಪ್ರಸಂಗ ನನ್ನ ಹತ್ತಿರ ಇಲ್ಲ.

ಹೊರಗೆ ಹೋಗಲು ಅನುಮತಿ ಸಿಕ್ಕ ಹೊಸತರಲ್ಲಿ ನಮ್ಮ ಹಳೆಯ ಚಾರಣದ ಬಳಗ ಸೇರಿತು. ಒಂದು ಉದ್ದನೆಯ ಬೆಟ್ಟಸಾಲು, ಅದರ ಮೇಲೆ ಟೆಂಟ್ ಹಾಕಿ ಮಲಗುವುದು, ಮರುದಿನ ಆಚೆ ಕಡೆ ಇಳಿಯುವುದು ಎಂದು ಎಲ್ಲರೂ ನಿರ್ಧರಿಸಿಕೊಂಡೇ ಬಂದಿದ್ದರು. ನಾನು ಅರ್ಧ ಎಂದೆ. ಮೊದಲ ಕಣಿವೆಬಾಯಿಯವರೆಗೆ ಹೋಗಿ, ಬುತ್ತಿ ಉಂಡು, ಅದೇ ದಾರಿಯಲ್ಲಿ ಸಂಜೆಯೊಳಗೆ ವಾಪಸು. ಮುಖಗಳೆಲ್ಲ ಸಣ್ಣವಾದವು. ಎಲ್ಲರಿಗಿಂತ ಹೆಚ್ಚು ಬೇಸರವಾದದ್ದು ನಾವೆಲ್ಲ ಮೇಷ್ಟ್ರು ಎಂದು ಕರೆಯುವ ನಮ್ಮ ಹಿರಿಯರಿಗೆ. ಅಷ್ಟು ವರ್ಷದ ಅನುಭವದ ಮನುಷ್ಯ. "ಇಷ್ಟಕ್ಕೆ ಈ ಶೂ ಬೇರೆ ಹಾಕ್ಕೊಂಡು ಬಂದೆನಲ್ಲ" ಎಂದರು.

ಆ ಶೂಗಳ ಬಗ್ಗೆ ಹೇಳಬೇಕು. ಒಳ್ಳೆಯ ತೊಗಲು, ಒಳ್ಳೆಯ ಹೊಲಿಗೆ, ದುಬಾರಿ ಜೋಡಿ. ಮಹಾಮಾರಿಗೆ ಮುಂಚೆ ಅಪರೂಪಕ್ಕೆ ಮೆಟ್ಟಿದ್ದರು, ಆಮೇಲೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು ಕಪಾಟಿಗೆ ಸೇರಿಸಿದ್ದರು. ಹೊರತೆಗೆದಾಗ ಅಂಗಡಿಯಿಂದ ಆಗ ತಾನೇ ತಂದಂತೆ ಹೊಳೆಯುತ್ತಿದ್ದವಂತೆ.

ಹತ್ತಲು ಶುರುಮಾಡಿ ಒಂದು ಹಳ್ಳ ದಾಟಿದೆವು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಹಿಂದೆ ಬರುತ್ತಿದ್ದ ಹುಡುಗಿ ಕೂಗಿದಳು, "ಮೇಷ್ಟ್ರೇ, ನಿಂತ್ಕೊಳ್ಳಿ, ನಿಮ್ಮ ಶೂ ಉದುರ್ತಾ ಇದೆ!" ನಾವು ತಿರುಗಿ ನೋಡಿದರೆ ದಾರಿಯುದ್ದಕ್ಕೂ ಕಪ್ಪು ಪುಡಿ, ಸಣ್ಣ ದೊಡ್ಡ ಚೂರು. ಮೇಷ್ಟ್ರು ಕಾಲು ಎತ್ತಿದರು. ಅಡಿಯ ರಬ್ಬರು ಹಿಮ್ಮಡಿಯ ಕಡೆಯಿಂದ ಬಿಟ್ಟುಕೊಂಡು ಜೋತಾಡುತ್ತಿತ್ತು. ಅದರ ಮೇಲಿನ ಮೆತ್ತನೆಯ ಪದರವನ್ನು ಬೆರಳಲ್ಲಿ ಮುಟ್ಟಿದರೆ ಒಣಗಿದ ಮಣ್ಣುಹೆಂಟೆಯ ಹಾಗೆ ಪುಡಿಯಾಗುತ್ತಿತ್ತು. "ಎರಡು ವರ್ಷ ಇದನ್ನ ಮುಟ್ಟೇ ಇಲ್ಲ ಕಣ್ರೀ, ಹೊಸದು ಇದ್ದ ಹಾಗೇ ಇದೆ" ಎಂದು ಮೇಷ್ಟ್ರು ನಂಬಲಾರದೆ ಹೇಳುತ್ತಲೇ ಇದ್ದರು.

ಆಗಿದ್ದು ಇಷ್ಟು. ಇಂಥ ಎಷ್ಟೋ ಶೂಗಳಲ್ಲಿ ಅಡಿಯ ರಬ್ಬರಿಗೂ ಮೇಲಿನ ತೊಗಲಿಗೂ ನಡುವೆ ಪಾಲಿಯುರೆಥೇನ್ ಎಂಬ ನೊರೆಯಂಥ ವಸ್ತುವಿನ ಪದರ ಇರುತ್ತದೆ. ಕಾಲಿಗೆ ಮೆತ್ತಗಿರುವುದು ಅದರಿಂದಲೇ. ಗಾಳಿಯಲ್ಲಿರುವ ತೇವಾಂಶ ಅದರೊಳಗೆ ಇಳಿದು, ಅದರ ಅಣುಗಳ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋಗುತ್ತದೆ. ನೀವು ಮೆಟ್ಟಿದರೂ ಅಷ್ಟೆ, ಮೆಟ್ಟದೆ ಡಬ್ಬಿಯಲ್ಲಿಟ್ಟರೂ ಅಷ್ಟೆ, ಕೆಲಸ ನಡೆಯುತ್ತಲೇ ಇರುತ್ತದೆ. ತೇವ, ಸೆಖೆ ಇರುವ ಕಪಾಟಿನಲ್ಲಿ ಇನ್ನೂ ಬೇಗ. ಹೊರಗಿನಿಂದ ಏನೂ ಕಾಣುವುದಿಲ್ಲ. ಭಾರ ಬಿದ್ದ ದಿನ ಒಮ್ಮೆಗೇ ಕಳಚುತ್ತದೆ.

ನಾನು ಬ್ಯಾಗಿನಿಂದ ಹಗ್ಗ, ಅಗಲವಾದ ಟೇಪು ತೆಗೆದೆ. ಕಟ್ಟಿದೆವು. ಕಟ್ಟಿ ಇನ್ನೂ ಎದ್ದು ನಿಂತಿರಲಿಲ್ಲ, ಇನ್ನೊಂದು ಕಾಲಿನದೂ ಬಾಯಿ ಬಿಟ್ಟಿತು. ಬಿಡಲೇಬೇಕು, ಎರಡೂ ಒಂದೇ ದಿನ ಹುಟ್ಟಿದವಲ್ಲ! ಅದನ್ನೂ ಕಟ್ಟಿ, ಊಟವನ್ನು ಅಲ್ಲೇ ಮುಗಿಸಿ, ಕಣಿವೆಬಾಯಿಯ ಆಸೆ ಬಿಟ್ಟು ಹಿಂದಿರುಗಿದೆವು. ಇಳಿಯುವಾಗ ಹಗ್ಗ ಕಲ್ಲಿಗೆ ಉಜ್ಜಿ ಉಜ್ಜಿ ತುಂಡಾಗುತ್ತಿತ್ತು, ನಾವು ಮತ್ತೆ ಮತ್ತೆ ಕೂತು ಕಟ್ಟುತ್ತಿದ್ದೆವು. ಅಡಿಯ ಹಿಡಿತವೇ ಇಲ್ಲದ ಶೂಗಳಲ್ಲಿ ಮೇಷ್ಟ್ರು ಒಂದೊಂದು ಹೆಜ್ಜೆಯನ್ನೂ ಇಬ್ಬರ ಹೆಗಲು ಹಿಡಿದು ಇಟ್ಟರು. ಹತ್ತಲು ಹಿಡಿದ ಹೊತ್ತಿಗಿಂತ ಇಳಿಯಲು ಹಿಡಿದದ್ದೇ ಹೆಚ್ಚು. ರಸ್ತೆ ಮುಟ್ಟಿದಾಗ ಇನ್ನೂ ಬೆಳಕಿತ್ತು.

ಬೆಳಕಿತ್ತು, ಕೇಳಿಸಿಕೊಂಡಿರಾ? ಪೂರ್ತಿ ಯೋಜನೆಗೆ ಹೊರಟಿದ್ದರೆ ಭಾರವಾದ ಹೊರೆ ಹೊತ್ತು, ಬೇರೆ ದಾರಿಯಲ್ಲಿ, ಬೆಟ್ಟಸಾಲಿನ ನಟ್ಟನಡುವೆ, ಹಿಂದಕ್ಕೂ ಮುಂದಕ್ಕೂ ಅಷ್ಟೇ ದೂರವಿರುವ ಜಾಗದಲ್ಲಿ ಆ ಶೂ ಬಿಚ್ಚಿಕೊಂಡಿರುತ್ತಿತ್ತು. ಇಳಿಯುವಾಗ ಕತ್ತಲಾಗಿರುತ್ತಿತ್ತು. ಶೂ ಎರಡೂ ಕಡೆ ಒಂದೇ. ನಮ್ಮ ಮೇಷ್ಟ್ರಿಗೆ ಅದು ಒಂದು ದಿನದ ಬೇಸರವಾಗಿ ಮುಗಿಯಿತು, ಅಪಘಾತವಾಗಲಿಲ್ಲ. ಅರ್ಧ ಯೋಜನೆಯಿಂದ ಸಿಕ್ಕಿದ್ದು ಅದು.

ಹಾಗಾಗಿ ಈ ಭಾಷಣ ಮುಗಿದ ಮೇಲೆ ಮೊದಲು ಶೂ ತೆಗೆಯಿರಿ. ನಡುವಿನ ಪದರವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಬಿರುಕು, ಪುಡಿ, ಅಂಟು ಕಂಡರೆ ಮುಗಿಯಿತು. ಕಾಣದಿದ್ದರೂ ಒಂದು ವಾರ ಅದನ್ನೇ ಮೆಟ್ಟಿಕೊಂಡು ಮನೆಯ ಹತ್ತಿರ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಟೆಂಟನ್ನು ಬಿಡಿಸಿ. ಅದರ ಬಟ್ಟೆಗೆ ನೀರು ತಡೆಯಲು ಬಳಿದಿರುವುದೂ ಹೆಚ್ಚಾಗಿ ಅದೇ ಪಾಲಿಯುರೆಥೇನ್. ಅಂಟಂಟಾಗಿ ವಾಸನೆ ಬರುತ್ತಿದ್ದರೆ ಮಳೆಗೆ ಅದನ್ನು ನಂಬಬೇಡಿ. ಟಾರ್ಚಿನೊಳಗೆ ಬಿಟ್ಟ ಸೆಲ್ಲುಗಳು ಸೋರಿರುತ್ತವೆ. ಔಷಧಿ ಡಬ್ಬಿಯ ಅರ್ಧದ ಅವಧಿ ಮುಗಿದಿರುತ್ತದೆ. ಸೈಕಲ್ ಪ್ರವಾಸದವರು ಬ್ರೇಕಿನ ರಬ್ಬರನ್ನೂ ಟೈರಿನ ಬಿರುಕನ್ನೂ ನೋಡಿಕೊಳ್ಳಿ.

ಸಮಯ ನೋಡಿಕೊಳ್ಳಿ ಎಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಇಳಿಯುವುದನ್ನು ಅಭ್ಯಾಸ ಮಾಡಿ. ಎಲ್ಲರೂ ಏರಿಗೆ ಹೆದರುತ್ತಾರೆ, ಆದರೆ ತೊಡೆ ಮುರಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಭಾರವನ್ನು ತಡೆಯುತ್ತಲೇ ಹಿಗ್ಗಬೇಕು, ಅದರಿಂದ ಅದರ ಎಳೆಗಳಿಗೆ ಪೆಟ್ಟಾಗುತ್ತದೆ. ನೋವು ಆ ದಿನ ಗೊತ್ತಾಗುವುದಿಲ್ಲ, ಮರುದಿನವೋ ಮೂರನೆಯ ದಿನವೋ ಏರುತ್ತದೆ. ಮೊದಲ ಪ್ರವಾಸದಲ್ಲಿ ಎರಡನೆಯ ದಿನವನ್ನು ಚಿಕ್ಕದಾಗಿಡಿ ಎನ್ನುವುದು ಇದಕ್ಕೇ.

ಕೊರೊನಾ ಬಂದು ಹೋದವರು ದಯವಿಟ್ಟು ಧೈರ್ಯ ತೋರಿಸಲು ಹೋಗಬೇಡಿ. ಮನೆಯ ಮೆಟ್ಟಿಲಿಗೇ ಎದೆ ಬಡಿತ ಜೋರಾಗುತ್ತಿದ್ದರೆ, ಎದೆ ನೋಯುತ್ತಿದ್ದರೆ ಮೊದಲು ವೈದ್ಯರು, ಆಮೇಲೆ ಬೆಟ್ಟ. ನಡೆಯುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ದುಡ್ಡಿನ ವಿಷಯದಲ್ಲಿ ಒಂದೇ ಸಲಹೆ. ರದ್ದು ಮಾಡಿದರೆ ಹಣ ಮರಳುವಂಥದ್ದನ್ನೇ ಕಾದಿರಿಸಿ, ಸ್ವಲ್ಪ ಹೆಚ್ಚು ಬಿದ್ದರೂ ಪರವಾಗಿಲ್ಲ. ಹೊರಡುವ ಹಿಂದಿನ ದಿನ ಒಬ್ಬರಿಗೆ ಜ್ವರ ಬಂದರೆ ಅವರ ಪಾಲಿನ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಆ ಮನುಷ್ಯ ಮಾತ್ರೆ ನುಂಗಿ, ಕೆಮ್ಮು ಅದುಮಿಕೊಂಡು ನಿಮ್ಮ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತಾರೆ. ನಾನು ಕಂಡಿದ್ದೇನೆ.

ದಾರಿಯೂ ಹಳೆಯದಲ್ಲ. ಜನ ಓಡಾಡದ ದಾರಿ ಪೊದೆಯಲ್ಲಿ ಮುಚ್ಚಿಹೋಗುತ್ತದೆ, ಕಾಲುಸೇತುವೆ ಕೊಳೆತಿರುತ್ತದೆ. ಪ್ರಾಣಿಗಳೂ ಜಾಗ ಬದಲಿಸಿವೆ. 2020ರ ಮಾರ್ಚ್‌ನಲ್ಲಿ ವೇಲ್ಸ್‌ನ ಲಾಂಡಡ್ನೋ ಪಟ್ಟಣದಲ್ಲಿ ಬೆಟ್ಟದ ಕಾಡುಮೇಕೆಗಳು ಇಳಿದು ಬಂದು ಬೀದಿಬೀದಿ ತಿರುಗಿ ಮನೆಗಳ ಬೇಲಿ ಮೇಯ್ದವು, ನೆನಪಿದೆಯೆ? ಪಟ್ಟಣಕ್ಕೇ ಬಂದ ಮೇಲೆ ಕಾಲುದಾರಿಗೆ ಬರದೆ ಇರುತ್ತವೆಯೆ? ಹೋಗುವ ಮುಂಚೆ ಅಲ್ಲಿನವರನ್ನು ಕೇಳಿ.

ಎತ್ತರಕ್ಕೆ ಹೋಗುವವರು ಕೇಳಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ರಜೆ ಕಡಿಮೆ ಇದೆ ಎಂದು ಇದನ್ನು ಕುಗ್ಗಿಸುವಂತಿಲ್ಲ. ರಜೆ ಕಡಿಮೆ ಇದ್ದರೆ ಎತ್ತರ ಕಡಿಮೆ ಮಾಡಿ. ಮತ್ತೆ ಅದೇ, ಅರ್ಧ.

ಕೊನೆಯದು. ಮನೆಯಲ್ಲಿ ಉಳಿಯುವ ಒಬ್ಬರ ಕೈಗೆ ಒಂದು ಚೀಟಿ ಕೊಡಿ. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಿನವರೆಗೆ ಫೋನು ಬರದಿದ್ದರೆ ಯಾರಿಗೆ ತಿಳಿಸಬೇಕು. ಎಲ್ಲರ ಕೊರಳಲ್ಲೂ ಒಂದು ಸೀಟಿ ಇರಲಿ. ತೊಂದರೆಯಾದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ಕತ್ತಲಿದ್ದರೆ ಟಾರ್ಚಿನಲ್ಲೂ ಹಾಗೆಯೇ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಉತ್ತರ ಬಂತೆಂದು ನಿಲ್ಲಿಸಬೇಡಿ, ಅವರು ನಿಮ್ಮ ಹತ್ತಿರ ತಲುಪುವವರೆಗೂ ಊದುತ್ತಲೇ ಇರಿ.

ನಮಸ್ಕಾರ.