ನಿಂತದ್ದು ಕರೆಂಟಲ್ಲ, ದುಡ್ಡು

ಕೇಳುಗರಿಗೆ ನಮಸ್ಕಾರ.

ಕೊರೋನಾ ಕಾಲದಲ್ಲಿ ವಿದ್ಯುತ್ ವಲಯಕ್ಕೆ ಏನಾಯಿತು ಎಂದು ಕೇಳಿದರೆ, "ಏನಾಯಿತು? ಕರೆಂಟು ಬರ್ತಾನೇ ಇತ್ತಲ್ಲ" ಎನ್ನುತ್ತಾರೆ. ಬರುತ್ತಿತ್ತು, ನಿಜ. ನಿಂತದ್ದು ಕರೆಂಟಲ್ಲ, ದುಡ್ಡು. ಇವತ್ತು ನೀವು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್. ಕಾರ್ಖಾನೆ ಬಂದ್, ಮಾಲ್ ಬಂದ್, ಆಫೀಸು ಬಂದ್. ಏಪ್ರಿಲ್ ತಿಂಗಳ ವಿದ್ಯುತ್ ಬಳಕೆ ಹಿಂದಿನ ವರ್ಷಕ್ಕಿಂತ ಐದನೇ ಒಂದು ಪಾಲಿಗೂ ಹೆಚ್ಚು ಇಳಿಯಿತು. ಬಳಕೆ ಇಳಿದರೆ ಉಳಿತಾಯವಲ್ಲವೇ ಎನ್ನಬಹುದು. ಅಲ್ಲ! ಇಳಿದದ್ದು ಯಾರ ಬಳಕೆ ಎಂದು ನೋಡಿ. ಯೂನಿಟ್ಟಿಗೆ ಹೆಚ್ಚು ದರ ಕೊಡುವುದು ಕಾರ್ಖಾನೆ, ಅಂಗಡಿ, ಹೋಟೆಲಿನವರು. ಅವರು ಕೊಡುವ ಹೆಚ್ಚಿನ ಹಣದಿಂದಲೇ ಮನೆಗೂ ಪಂಪ್‌ಸೆಟ್ಟಿಗೂ ಕಡಿಮೆ ದರ. ಹೆಚ್ಚು ಕೊಡುವವರು ಬಾಗಿಲು ಹಾಕಿದರು. ಮನೆಯಲ್ಲಿ ದಿನವಿಡೀ ಫ್ಯಾನು ತಿರುಗಿತು.

ಕರೆಂಟು ಮಾತ್ರ ಯಾಕೆ ನಿಲ್ಲಲಿಲ್ಲ? ಅದಕ್ಕೊಂದು ಪ್ರಸಂಗ ಹೇಳಲೇಬೇಕು, ನನಗೆ ಬಹಳ ಪ್ರಿಯವಾದದ್ದು. ಏಪ್ರಿಲ್ 5, ಭಾನುವಾರ, ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು, ನೆನಪಿದೆಯಲ್ಲ? ಕರೆ ಬಂದದ್ದು 3ನೇ ತಾರೀಕು. ಗ್ರಿಡ್, ಅಂದರೆ ದೇಶದ ವಿದ್ಯುತ್ ಜಾಲ, ನೋಡಿಕೊಳ್ಳುವವರಿಗೆ ಸಿಕ್ಕದ್ದು ಎರಡೇ ದಿನ. ನಮ್ಮ ಗ್ರಿಡ್ಡಿನ ನಾಡಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಬಡಿತ. ಲೋಡು, ಅಂದರೆ ಬಳಕೆ, ದಿಢೀರನೆ ಬಿದ್ದರೆ ಜನರೇಟರುಗಳು ವೇಗವಾಗಿ ತಿರುಗಿ ನಾಡಿ ಏರುತ್ತದೆ. ಮಿತಿ ಮೀರಿದರೆ ಘಟಕಗಳು ಒಂದರ ಹಿಂದೊಂದು ಟ್ರಿಪ್ ಆಗಿ ದೇಶವೇ ಕತ್ತಲಾಗಬಹುದು. 2012ರ ಜುಲೈಯಲ್ಲಿ ಗ್ರಿಡ್ ಕುಸಿದು 60 ಕೋಟಿ ಜನ ಕತ್ತಲಲ್ಲಿ ಕುಳಿತದ್ದನ್ನು ಆ ಎಂಜಿನಿಯರುಗಳು ಮರೆತಿರಲಿಲ್ಲ. ಕಲ್ಲಿದ್ದಲು ಸ್ಥಾವರವನ್ನು ನಿಮಿಷದಲ್ಲಿ ತಗ್ಗಿಸಲಾಗದು, ನೀರಿನದ್ದನ್ನು ತಗ್ಗಿಸಬಹುದು. ಹಾಗಾಗಿ ಸಂಜೆಗೆಂದು ಜಲವಿದ್ಯುತ್ತನ್ನು ಕಾಯ್ದಿಟ್ಟು, 9ಕ್ಕೆ ಸ್ವಲ್ಪ ಮುಂಚೆ ಪೂರ್ತಿ ಓಡಿಸಿ, ಒಂದೊಂದೇ ದೀಪ ಆರುತ್ತಿದ್ದಂತೆ ಇಳಿಸಿದರು. 12 ಸಾವಿರ ಮೆಗಾವ್ಯಾಟ್ ಆಸುಪಾಸು ಬೀಳಬಹುದೆಂಬ ಅಂದಾಜಿತ್ತು. ಬಿದ್ದದ್ದು 31 ಸಾವಿರ! ಆದರೂ ಒಂದು ಕಡೆಯೂ ಗ್ರಿಡ್ ಕೈಕೊಡಲಿಲ್ಲ. ಕಂಟ್ರೋಲ್ ರೂಮಿನಲ್ಲಿದ್ದ ಆ ಜನರಿಗೆ ದೇಶ ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಯಂತ್ರ ಗೆದ್ದಿತು, ಲೆಕ್ಕಪುಸ್ತಕ ಸೋತಿತು. ವಿತರಣಾ ಕಂಪನಿಗಳು, ಅಂದರೆ ನಮ್ಮ ಎಸ್ಕಾಂಗಳಂಥವು, ಉತ್ಪಾದಕರೊಂದಿಗೆ ವರ್ಷಗಟ್ಟಲೆಯ ಒಪ್ಪಂದ ಮಾಡಿಕೊಂಡಿರುತ್ತವೆ. ಛತ್ರ ಗೊತ್ತುಮಾಡಿದ ಮೇಲೆ ಮದುವೆ ನಿಂತರೂ ಬಾಡಿಗೆ ತಪ್ಪದು. ಹಾಗೆ, ಒಂದು ಯೂನಿಟ್ಟೂ ಕೊಳ್ಳದಿದ್ದರೂ ನಿಗದಿತ ಶುಲ್ಕ ಕಟ್ಟಬೇಕು. ಇತ್ತ ಮೀಟರ್ ರೀಡರು ಮನೆಗೆ ಬರುವಂತಿಲ್ಲ, ಎಷ್ಟೋ ಕಡೆ ಸರಾಸರಿ ಲೆಕ್ಕದ ಬಿಲ್ಲು. ಆಮೇಲೆ ರೀಡಿಂಗ್ ತೆಗೆದು ಎಲ್ಲ ತಿಂಗಳದ್ದೂ ಸೇರಿ ದೊಡ್ಡ ಬಿಲ್ಲು ಬಂದಾಗ ಜನ ಸಿಟ್ಟಾದರು. ಸಿಟ್ಟು ಸಹಜವೇ. ಕಂಪನಿಗೆ ಬರುವ ದುಡ್ಡು ನಿಂತಿತು, ಕಂಪನಿಯಿಂದ ಉತ್ಪಾದಕರಿಗೆ ಹೋಗುವ ದುಡ್ಡೂ ನಿಂತಿತು.

ಮೇ ತಿಂಗಳಲ್ಲಿ ಕೇಂದ್ರ ಈ ವಿತರಣಾ ಕಂಪನಿಗಳಿಗೆಂದು 90 ಸಾವಿರ ಕೋಟಿ ರೂಪಾಯಿ ಘೋಷಿಸಿತು. ಅನೇಕರು ಅದನ್ನು ಪರಿಹಾರ ಎಂದುಕೊಂಡಿದ್ದಾರೆ. ಅಲ್ಲ ಸ್ವಾಮಿ, ಅದು ಸಾಲ, ಬಡ್ಡಿ ಸಮೇತ ತೀರಿಸಬೇಕಾದ ಸಾಲ.

ಹಾಗಾದರೆ ಏನು ಮಾಡಬೇಕು? ಹೊಸದೇನೂ ಬೇಡ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಓದಿ. ರಾಜ್ಯ ಸರ್ಕಾರ ಯಾರಿಗಾದರೂ ಸಬ್ಸಿಡಿ ಕೊಡುವುದಾದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ರೈತರಿಗೆ ಅಗ್ಗದ ಕರೆಂಟು ಕೊಡಿ, ನನ್ನ ತಕರಾರಿಲ್ಲ. ಆದರೆ ಅದರ ದುಡ್ಡು ಕಾರ್ಖಾನೆಯ ಬಿಲ್ಲಿನಿಂದ ಬರಲಿ ಎಂದು ಕಾಯಬೇಡಿ. ಖಜಾನೆಯಿಂದ ಮುಂಗಡವಾಗಿ ಕಟ್ಟಿ.

ನಮಸ್ಕಾರ.