ಬೇಕಾದ ಚಲಕಗಳನ್ನಷ್ಟೇ ತೆರೆಯುವುದು: ವಿಜಯಪುರದ ಮಾಳಿಗೆಯಿಂದ

ಸಣ್ಣ ಲ್ಯಾಪ್‌ಟಾಪಿನಲ್ಲಿ ದೊಡ್ಡ ಸಮೀಕ್ಷೆಯ ಕಡತವನ್ನು ತೆರೆಯುವುದು ಹೇಗೆ ಎಂಬುದೇ ಇಂದಿನ ಮಾತು. ಈಗ ತೆರೆಯ ಮೇಲೆ ಕಾಣುತ್ತಿರುವುದು ಬೆಳಗಿನ ಆರೂವರೆಯ ವಿಜಯಪುರ. ನಮ್ಮ ಮಾಳಿಗೆಯ ಅಂಚಿನಿಂದ ಗೋಳಗುಮ್ಮಟದ ಗುಮ್ಮಟವಷ್ಟೇ ಕಾಣುತ್ತದೆ, ಗೋಡೆಗಳು ಮನೆಗಳ ಹಿಂದೆ ಮರೆಯಾಗಿವೆ. ಮೇ ತಿಂಗಳಲ್ಲಿ ಹತ್ತು ಗಂಟೆಯಾದರೆ ಲ್ಯಾಪ್‌ಟಾಪ್ ಕಾಯ್ದ ಹಂಚಿನಂತಾಗುವುದರಿಂದ ನನ್ನ ಲೆಕ್ಕದ ಕೆಲಸವೆಲ್ಲ ಈ ಹೊತ್ತಿನಲ್ಲಿಯೇ ನಡೆಯುತ್ತದೆ.

ನಾನು ಬಳಸುತ್ತಿರುವುದು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಹಿಳೆಯರ ಕಡತ. ಅದರಲ್ಲಿ 7,24,115 ಮಹಿಳೆಯರ ಉತ್ತರಗಳಿವೆ, ಒಬ್ಬೊಬ್ಬರಿಗೂ ಸಾವಿರಾರು ಚಲಕಗಳಿವೆ, ಅಂದರೆ ವಯಸ್ಸು, ಶಿಕ್ಷಣದಂಥ ಒಂದೊಂದು ಮಾಹಿತಿಗೂ ಒಂದೊಂದು ಕಾಲಂ. ನನ್ನ ಯಂತ್ರದಲ್ಲಿರುವ ತಾತ್ಕಾಲಿಕ ಸ್ಮರಣೆ, ಅಂದರೆ ರ‍್ಯಾಮ್ 8 ಜಿಬಿ. ಕಳೆದ ವರ್ಷ ಏನೂ ಯೋಚಿಸದೆ ಇಡೀ ಕಡತವನ್ನು ಅಂಕಿಅಂಶದ ತಂತ್ರಾಂಶವಾದ ಆರ್‌ನಲ್ಲಿ ತೆರೆಯಲು ಹೋದಾಗ ಬಹಳ ಹೊತ್ತು ಫ್ಯಾನು ಗಿರಗಿರ ಸುತ್ತಿ, ಕೊನೆಗೆ 5.5 ಎಂಬಿ ಗಾತ್ರದ ಅಂಕಿಗಳ ಪಟ್ಟಿಗೆ, ಅಂದರೆ ವೆಕ್ಟರ್‌ಗೆ ಜಾಗ ಕೊಡಲಾಗದು ಎಂಬ ಒಂದು ಕೆಂಪು ಸಾಲು ಬಂತು. ಐದೂವರೆ ಎಂಬಿ! ಒಂದು ಹಾಡಿನ ಕಡತದಷ್ಟಿರುವುದಕ್ಕೆ ಜಾಗವಿಲ್ಲವೇ ಎಂದು ನಾನು ಲ್ಯಾಪ್‌ಟಾಪನ್ನೇ ಬೈದೆ.

ಆದರೆ ಆ ಅಂಕಿಯಲ್ಲಿಯೇ ಉತ್ತರವಿತ್ತು. ಆರ್ ದತ್ತಾಂಶವನ್ನೆಲ್ಲ ರ‍್ಯಾಮ್‌ನಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತದೆ, ಮತ್ತು ದಶಮಾಂಶ ಸಂಖ್ಯೆಯೊಂದಕ್ಕೆ 8 ಬೈಟ್ ತೆಗೆದುಕೊಳ್ಳುತ್ತದೆ. 7,24,115ನ್ನು ಎಂಟರಿಂದ ಗುಣಿಸಿದರೆ ಸರಿಯಾಗಿ ಆ ಐದೂವರೆ ಎಂಬಿ ಬರುತ್ತದೆ. ಅಂದರೆ ಯಂತ್ರ ಬೇಡಿದ್ದು ಒಂದೇ ಒಂದು ಕಾಲಂಗೆ ಜಾಗ, ಅದಕ್ಕೂ ಮೊದಲು ನೂರಾರು ಕಾಲಂಗಳು ಒಳಗೆ ಸೇರಿ ಜಾಗವನ್ನೆಲ್ಲ ನುಂಗಿದ್ದವು. ಅವುಗಳಲ್ಲಿ ನನಗೆ ಬೇಕಾದದ್ದು ಹತ್ತೂ ಇರಲಿಲ್ಲ.

ಆದ್ದರಿಂದ ಈಗ ನಾನು ಮೊದಲು ಹತ್ತೇ ಸಾಲುಗಳನ್ನು ತೆರೆಯುತ್ತೇನೆ. ಇಂಥ ಕಡತಗಳನ್ನು ಆರ್‌ಗೆ ತರುವ ಹೇವನ್ ಪ್ಯಾಕೇಜಿನ ರೀಡ್_ಡಿಟಿಎ ಆದೇಶಕ್ಕೆ ಎನ್_ಮ್ಯಾಕ್ಸ್ ಹತ್ತು ಎಂದು ಕೊಟ್ಟರೆ ಚಲಕಗಳ ಹೆಸರೂ ಲೇಬಲ್ಲುಗಳೂ ಕಣ್ಣೆದುರು ಬರುತ್ತವೆ. ಅವುಗಳನ್ನು ನೋಡಿ ಪಟ್ಟಿ ಮಾಡಿಕೊಂಡು, ಆಮೇಲೆ ಪೂರ್ಣ ಕಡತವನ್ನು ಕಾಲ್_ಸೆಲೆಕ್ಟ್‌ನಲ್ಲಿ ಆ ಪಟ್ಟಿ ಕೊಟ್ಟು ತೆರೆಯುತ್ತೇನೆ. ಕಡತ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾದ ಸಿಎಸ್‌ವಿ ಆಗಿದ್ದರೆ ಆರ್‌ನ ಇನ್ನೊಂದು ಆದೇಶವಾದ ಎಫ್‌ರೀಡ್‌ನ ಸೆಲೆಕ್ಟ್ ಇದೇ ಕೆಲಸ ಮಾಡುತ್ತದೆ. ಆದರೆ ಹೆಸರು ತಪ್ಪಾಗಿ ಬರೆದರೆ ಅದು ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಸಾಗುತ್ತದೆ, ಆ ಸಾಲನ್ನು ಓದದೆ ಬಿಡಬಾರದು. ಸ್ಟಾಟಾ ಎಂಬ ಇನ್ನೊಂದು ತಂತ್ರಾಂಶ ಬಳಸುವ ಗೆಳತಿಯರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ, ಏಕೆಂದರೆ ಅವರು ಯೂಸ್ ಆದೇಶದಲ್ಲಿ ಚಲಕಗಳ ಜೊತೆಗೆ ಇಫ್ ಷರತ್ತನ್ನೂ ಸೇರಿಸಿ, ಕರ್ನಾಟಕದ ಸಾಲುಗಳನ್ನು ಮಾತ್ರ ಒಂದೇ ಏಟಿಗೆ ಎತ್ತಿಕೊಳ್ಳುತ್ತಾರೆ.

ಇಷ್ಟನ್ನು ಯಾವ ಕೈಪಿಡಿಯೂ ಹೇಳುತ್ತದೆ. ನಾನು ಎಡವಿದ್ದು ಪಟ್ಟಿಯಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರನ್ನೂ ಸೇರಿಸಿ, ಮಹಿಳೆಯರು ಗಂಡನೊಡನೆ ಸಂಸಾರ ಆರಂಭಿಸಿದ ವಯಸ್ಸನ್ನು ನೋಡಬೇಕಿತ್ತು. ವಯಸ್ಸಿಗೆ ವಿ012, ಶಿಕ್ಷಣಕ್ಕೆ ವಿ106, ಸಂಸಾರ ಆರಂಭದ ವಯಸ್ಸಿಗೆ ವಿ511, ಮತ್ತೆ ಜಿಲ್ಲೆ: ಪ್ರಶ್ನೆಯಲ್ಲಿ ಎಷ್ಟು ಪದಗಳಿದ್ದವೋ ಅಷ್ಟೇ ಚಲಕಗಳನ್ನು ಆರಿಸಿ, ಕಡತ ಕ್ಷಣದಲ್ಲಿ ತೆರೆದುಕೊಂಡಿತೆಂದು ಹಿಗ್ಗಿ, ಕೋಷ್ಟಕವನ್ನು ಮಾರ್ಗದರ್ಶಕರ ಮುಂದಿಟ್ಟೆ. ಅವರು ಕನ್ನಡಕ ಮೇಲೆತ್ತಿ ಕೇಳಿದ್ದು ಒಂದೇ ಮಾತು: “ಯಾಕವಾ, ತೂಕ ಹಾಕಿಲ್ಲೇನು?”

ತೂಕವೆಂದರೆ ಒಬ್ಬೊಬ್ಬರ ಉತ್ತರಕ್ಕೆ ಲೆಕ್ಕದಲ್ಲಿ ಎಷ್ಟು ಬೆಲೆ ಕೊಡಬೇಕೆಂದು ಹೇಳುವ ಅಂಕಿ. ಅದಿರುವುದು ವಿ005ರಲ್ಲಿ, ಅದನ್ನು ನಾನು ಕಡತದಿಂದ ತಂದೇ ಇರಲಿಲ್ಲ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47.8 ಲಕ್ಷ, ವಿಜಯಪುರದ್ದು 21.8 ಲಕ್ಷ, ಬಾಗಲಕೋಟೆಯದು 18.9 ಲಕ್ಷ. ಪ್ರತಿ ಜಿಲ್ಲೆಗೂ ಪ್ರತ್ಯೇಕ ಅಂದಾಜು ಸಿಗುವಂತೆ ಈ ಸಮೀಕ್ಷೆಯನ್ನು ರೂಪಿಸಿರುವುದರಿಂದ, ಮಾದರಿಯಲ್ಲಿ ಮಹಿಳೆಯರ ಸಂಖ್ಯೆ ಜನಸಂಖ್ಯೆಯ ಪ್ರಮಾಣದಲ್ಲಿ ಹಂಚಿಕೆಯಾಗಿರುವುದಿಲ್ಲ. ತೂಕವಿಲ್ಲದೆ ಕೂಡಿಸಿದರೆ ಬೆಳಗಾವಿಯ ಮಾತು ಇರಬೇಕಾದಷ್ಟು ಕೇಳಿಸುವುದಿಲ್ಲ. ವಿ005ನ್ನು ಹತ್ತು ಲಕ್ಷದಿಂದ ಭಾಗಿಸಿ ಬಳಸಬೇಕೆಂಬುದೂ ನೆನಪಿರಲಿ. ಅದರ ಜೊತೆಗೆ ಮಹಿಳೆಯರನ್ನು ಆರಿಸಿದ ಊರು ಅಥವಾ ಬಡಾವಣೆಯನ್ನು ಹೇಳುವ ಮಾದರಿ ಘಟಕದ ವಿ021, ಮಾದರಿ ಆರಿಸುವ ಮೊದಲು ಮಾಡಿದ ಗುಂಪನ್ನು ಹೇಳುವ ಸ್ತರದ ವಿ022 ಇಲ್ಲದಿದ್ದರೆ ಅಂದಾಜಿನ ದೋಷಮಿತಿ ಸರಿಯಾಗಿ ಬರುವುದಿಲ್ಲ. ಪ್ರಶ್ನೆಯಲ್ಲಿ ಎಲ್ಲಿಯೂ ಹೆಸರಿಲ್ಲದ ಚಲಕಗಳಿವು, ಆದರೂ ಪಟ್ಟಿಯ ತಲೆಯಲ್ಲಿ ಇರಬೇಕಾದವು.

ಇನ್ನೊಂದು ಸಣ್ಣ ಮಾತು. ನಮ್ಮ ಜಿಲ್ಲೆ ವಿಜಯಪುರವಾದದ್ದು 2014ರ ನವೆಂಬರ್ 1ರಂದು, ಜನಗಣತಿಯ ಪಟ್ಟಿಯಲ್ಲಿ ಅದಿನ್ನೂ ಬಿಜಾಪುರ. ಆದ್ದರಿಂದ ಜಿಲ್ಲೆಯನ್ನು ಹೆಸರಿನಿಂದ ಹುಡುಕದೆ ಸಂಕೇತಸಂಖ್ಯೆಯಿಂದ ಹುಡುಕುವುದು ಸುರಕ್ಷಿತ.

ಈಗ ತೆರೆಯ ಮೇಲಿರುವುದು ನನ್ನ ಪಟ್ಟಿಯ ಕಡತ, ಒಂದು ಸಾಲಿಗೆ ಒಂದು ಚಲಕ, ಪಕ್ಕದಲ್ಲಿ ಅದು ಏಕೆ ಬೇಕೆಂಬ ಟಿಪ್ಪಣಿ. ನಿನ್ನೆ ಮನೆಗಳ ಕಡತವನ್ನು ಇದಕ್ಕೆ ಜೋಡಿಸಬೇಕಾಗಿ ಬಂದಾಗ ಎರಡೂ ಕಡತಗಳ ಸಾಲುಗಳನ್ನು ಹೊಂದಿಸಲು ಬೇಕಾದ ಕ್ಲಸ್ಟರ್ (ಒಟ್ಟಿಗೆ ಆರಿಸಿದ ಮನೆಗಳ ಗುಂಪು) ಸಂಖ್ಯೆಯ ವಿ001, ಮನೆ ಸಂಖ್ಯೆಯ ವಿ002 ಇಲ್ಲವೆಂದು ಗೊತ್ತಾಯಿತು. ಎರಡು ಸಾಲು ಸೇರಿಸಿ ಮತ್ತೆ ತೆರೆದೆ. ಅವ್ವ ಕೆಳಗಿನಿಂದ ಚಹಾಕ್ಕೆ ಕರೆಯುವುದರೊಳಗೆ ಕಡತ ಸಿದ್ಧವಾಗಿತ್ತು.