ಕೊನೇ ಬೆಂಚಿಗೂ ಮುಳ್ಳು ಕಾಣಬೇಕು

ನಮಸ್ಕಾರ. ಇವತ್ತು ಮುಂಬೈಯ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಪಾಠದ ಬಗ್ಗೆ ಮಾತಾಡಬೇಕು.

ಟೀಚರ್ ತಂತಿಯ ಸುರುಳಿಯೊಳಗೆ ಆಯಸ್ಕಾಂತ ತೂರಿಸುತ್ತಾರೆ. ಕರೆಂಟ್ ಹರಿದದ್ದನ್ನು ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಒಮ್ಮೆ ಅಲುಗುತ್ತದೆ. ನೋಡಿದವರು ಯಾರು? ಮೊದಲ ಬೆಂಚಿನವರು. ಹಿಂದಿನವರು ‘ಮುಳ್ಳು ವಾಲಿತು’ ಅಂತ ಬರೆದುಕೊಳ್ಳುತ್ತಾರೆ. 1831ರಲ್ಲಿ ವಿಜ್ಞಾನಿ ಫ್ಯಾರಡೆ ಕಣ್ಣಾರೆ ಕಂಡದ್ದನ್ನು ನಮ್ಮ ಮಕ್ಕಳು ಸುಮ್ನೆ ನಂಬಬೇಕಾ?

ಇದಕ್ಕೆ ದುಬಾರಿ ಸ್ಮಾರ್ಟ್ ಬೋರ್ಡ್ ಬೇಡ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಸಾದಾ ವೆಬ್‌ಕ್ಯಾಮ್ ಸಾಕು. ಲೆನ್ಸನ್ನು ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವಂಥದ್ದೇ ಕೇಳಿ ತನ್ನಿ. ಇಲ್ಲದಿದ್ದರೆ ಹತ್ತಿರದ ವಸ್ತು ಮಂಜಾಗಿ ಕಾಣಬಹುದು. ಪ್ರಯೋಗಶಾಲೆಯ ಸ್ಟ್ಯಾಂಡಿಗೆ ಕಟ್ಟಿ, ಲ್ಯಾಪ್‌ಟಾಪಿಗೆ ಸೇರಿಸಿ, ಅಲ್ಲಿಂದ ಟಿವಿಗೆ ಒಂದು ಕೇಬಲ್ ಎಳೆದರೆ ಆಯಿತು. ಮುಳ್ಳು ಟಿವಿ ತುಂಬಾ ಕಾಣುತ್ತದೆ. ಆಯಸ್ಕಾಂತ ಒಳಗೆ ಹೋಗುವಾಗ ಒಂದು ಕಡೆ, ಹೊರಗೆ ಬರುವಾಗ ಇನ್ನೊಂದು ಕಡೆ. ಒಳಗೇ ಅಲುಗದೆ ಹಿಡಿದರೆ ಸೊನ್ನೆ. ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ಕರೆಂಟ್ ಅನ್ನೋದು ಆಗ ಹಿಂದಿನ ಹುಡುಗಿಗೂ ಹೊಳೆಯುತ್ತದೆ.

ಇಲ್ಲೊಂದು ಎಚ್ಚರ ಬೇಕು. ಎಷ್ಟೋ ಆ್ಯಪ್‌ಗಳು ಚಿತ್ರವನ್ನು ಕನ್ನಡಿಯಂತೆ ತಿರುವಿ ತೋರಿಸುತ್ತವೆ. ಮುಳ್ಳು ಎಡಕ್ಕೆ ಹೋದರೆ ಟಿವಿಯಲ್ಲಿ ಬಲಕ್ಕೆ! ಮಿರರ್ ಆಫ್ ಮಾಡಿ. ಪರದೆಯಲ್ಲಿ ಪಟ್ಟೆಗಳು ಓಡಿದರೆ ಕ್ಯಾಮೆರಾದ ಫ್ಲಿಕರ್ ಸೆಟ್ಟಿಂಗನ್ನು 50 ಹರ್ಟ್ಸ್‌ಗೆ ಇಡಿ, ನಮ್ಮ ಕರೆಂಟ್ ಅದೇ ಅಲ್ವಾ. ದ್ರಾವಣದಲ್ಲಿ ಮೂಡುವ ಬಿಳಿ ಒತ್ತರ, ಅಂದರೆ ಕರಗದ ಪುಡಿ, ತೋರಿಸುವಾಗ ಪ್ರನಾಳದ ಹಿಂದೆ ಕಪ್ಪು ಕಾಗದ ಹಿಡಿಯಿರಿ.

‘ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲ’ ಅನ್ನುತ್ತಾರೆ. ಇದೆ. ಆದರೆ ‘ಸರ್, ಇನ್ನೂ ಬೇಗ ತೂರಿಸಿದರೆ?’ ಅಂತ ಯೂಟ್ಯೂಬನ್ನು ಕೇಳೋಕಾಗುತ್ತಾ? ತರಗತಿಯಲ್ಲಿ ಆಗಲೇ ಮಾಡಿ ತೋರಿಸಬಹುದು. ಮುಳ್ಳು ಜಾಸ್ತಿ ವಾಲುತ್ತದೆ, ಕೇಳಿದ ಮಗುವಿನ ಮುಖ ಅರಳುತ್ತದೆ. ಪ್ರಯೋಗ ಕೈಕೊಟ್ಟರೆ ಅದನ್ನೂ ಎಲ್ಲರೂ ನೋಡಲಿ. ಯಾಕೆ ಹೀಗಾಯಿತು ಅಂತ ಒಟ್ಟಿಗೆ ಹುಡುಕಲಿ.

ಹಾಗಂತ ಎಲ್ಲವನ್ನೂ ಟಿವಿಯಲ್ಲೇ ತೋರಿಸಬೇಡಿ. ಲಿಟ್ಮಸ್, ಈರುಳ್ಳಿ ಪೊರೆ, ಇವೆಲ್ಲ ಮಕ್ಕಳ ಕೈಯಲ್ಲೇ ಇರಬೇಕು. ಉಪಕರಣ ಒಂದೇ ಇದ್ದಾಗ, ಆ್ಯಸಿಡ್ ಹತ್ತಿರ ಬಿಡಲಾಗದಾಗ, ಕ್ಯಾಮೆರಾ ಬರಲಿ. ಪುಣೆಯಲ್ಲಿ ಅರವಿಂದ ಗುಪ್ತ ಅವರು ಕಸದಿಂದಲೇ ವಿಜ್ಞಾನದ ಆಟಿಕೆ ಮಾಡಿ ತೋರಿಸಿದ್ದಾರೆ. ಅಗ್ಗದ ಸಾಮಾನು ಅಂತ ನಾವು ಯಾಕೆ ಹಿಂಜರಿಯಬೇಕು?

ಮುಂಬೈಯ ಕನ್ನಡ ಸಂಘಗಳವರಲ್ಲಿ ನನ್ನದೊಂದು ಕೋರಿಕೆ. ಜೂನ್‌ನಲ್ಲಿ ಶಾಲೆಗೆ ನೋಟ್‌ಬುಕ್ ಕೊಡಲು ಹೋಗುವಾಗ ಒಂದು ವೆಬ್‌ಕ್ಯಾಮ್ ಕೂಡ ಕೊಡಿ. ಕೊಳ್ಳುವ ಮೊದಲು ವಿಜ್ಞಾನದ ಟೀಚರಿಗೆ ಫೋನ್ ಮಾಡಿ, ಟಿವಿವರೆಗೆ ಕೇಬಲ್ ಎಷ್ಟು ಉದ್ದ ಬೇಕು ಅಂತ ಕೇಳಿಕೊಳ್ಳಿ.